ಅಕ್ಕ ನಿದ್ದೆ ಮಾಡುವ ಊರು

ಆ ಊರನ್ನು ನಾನು ಮೊದಲು ಕಂಡದ್ದು ನೀರಿನ ಮೇಲಿನಿಂದ. ವಿಮಾನ ಇಳಿದ ಪಟ್ಟಣದಿಂದ ಅಲ್ಲಿಗೆ ದೋಣಿಯೊಂದೇ ದಾರಿ ಎಂದಿದ್ದರು. ದೋಣಿ ಎಂದರೆ ನಮ್ಮ ಕಡೆಯ ದೋಣಿಯಲ್ಲ. ಮೂರು ಅಂತಸ್ತಿನದ್ದು, ಹೊಟ್ಟೆಯೊಳಗೆ ಕಾರುಗಳನ್ನು ತುಂಬಿಕೊಂಡು ಹೋಗುವಂಥದ್ದು. ಬೆಟ್ಟವೊಂದನ್ನು ಬಳಸಿ ತಿರುಗಿದ್ದೇ ತಡ, ಬಂದರು ಬಟ್ಟಲಿನ ಹಾಗೆ ಎದುರಿಗೆ ತೆರೆದುಕೊಂಡಿತು. ಶ್ರೀಮಂತರ ಬಿಳಿ ಹಡಗುಗಳು ಮೈಗೆ ಮೈ ತಾಗಿಸಿಕೊಂಡು ನಿಂತಿದ್ದವು. ನೀರಿನ ಅಂಚಿನಿಂದ ಮೇಲಕ್ಕೆ ಬೆಣ್ಣೆ ಬಣ್ಣದ, ಗುಲಾಬಿ ಬಣ್ಣದ ಮನೆಗಳು. ಅವುಗಳ ಮೇಲೆ ನಿಂಬೆಯ ತೋಟ. ಎಲ್ಲಕ್ಕಿಂತ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಉದ್ದನೆಯ ಒಂದು ಬಿಳಿ ಕಟ್ಟಡ. ಇಡೀ ಊರಿನ ಕಿಟಕಿಗಳೆಲ್ಲ ತೆರೆದಿದ್ದವು. ಆ ಕಟ್ಟಡದವು ಮಾತ್ರ ಒಂದೂ ಬಿಡದೆ ಮುಚ್ಚಿದ್ದವು.

ನಾನು ಊರು ನೋಡಲು ಹೋದವಳಲ್ಲ, ಅಕ್ಕನನ್ನು ಕರೆತರಲು ಹೋದವಳು. ಅಕ್ಕ ವಾರಿಜ ಆ ಊರಿನ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆಂದು ಹೊರಟಾಗ ಅವಳ ಮಗಳು ಶ್ರಾವ್ಯಳಿಗೆ ನಾಲ್ಕು ವರ್ಷ. ಭಾವ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಮಗುವನ್ನು ನನ್ನ ಸೊಂಟಕ್ಕೆ ಏರಿಸಿ, "ಎರಡು ವರ್ಷ ನೋಡಿಕೋ ನಳಿನಾ, ಅಷ್ಟೇ" ಎಂದು ಹೋದಳು. ಮೊದಮೊದಲು ರಜೆಯಲ್ಲಿ ಬಂದು ಹೋಗುತ್ತಿದ್ದಳು. ಶ್ರಾವ್ಯ ಎಂಟನೇ ಕ್ಲಾಸಿನಲ್ಲಿದ್ದಾಗ ಬಂದದ್ದೇ ಕೊನೆ. ಆಮೇಲೆ ಫೋನು ಬರುತ್ತಿತ್ತು, ಹಬ್ಬಕ್ಕೆ ಬಟ್ಟೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ಫೋನಿನಲ್ಲಿ ಅವಳ ದನಿ ಯಾವಾಗಲೂ ಆಗಷ್ಟೇ ಎದ್ದವಳ ದನಿ. "ಎಂತ ಕೆಲಸ ಅಕ್ಕ ಅಲ್ಲಿ ನಿನಗೆ?" ಎಂದು ಕೇಳಿದರೆ, "ಮಲಗುದು" ಎಂದು ನಗುತ್ತಿದ್ದಳು. ತಮಾಷೆ ಎಂದುಕೊಂಡು ನಾನೂ ನಗುತ್ತಿದ್ದೆ.

ನನಗೂ ನಮ್ಮ ಯಜಮಾನರಿಗೂ ಮಕ್ಕಳಿಲ್ಲ. ಶ್ರಾವ್ಯ ನನ್ನನ್ನೇ ಅಮ್ಮ ಎಂದು ಕರೆದು ಬೆಳೆದಳು. ಬಸ್‌ಸ್ಟ್ಯಾಂಡಿನ ಬಳಿ ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ; ಬಳೆ, ಕ್ಲಿಪ್ಪು, ರಿಬ್ಬನ್ನುಗಳ ನಡುವೆ ಕೂತೇ ಅವಳು ಹೋಂವರ್ಕ್ ಮಾಡಿದ್ದು. ಈಗ ಅವಳ ಮದುವೆ ನಿಶ್ಚಯವಾಗಿತ್ತು. "ವಾರಿಜಮ್ಮ ಬಾರದೆ ನಾನು ಮಂಟಪ ಹತ್ತುದಿಲ್ಲ" ಎಂದು ಹಟ ಹಿಡಿದವಳು ಅವಳೇ. ಅಕ್ಕನಿಗೆ ಫೋನು ಮಾಡಿದರೆ "ನೋಡುವಾ" ಎನ್ನುತ್ತಿದ್ದಳೇ ಹೊರತು ಹೂಂ ಎನ್ನಲಿಲ್ಲ. ಕೊನೆಗೆ ಆ ಮನೆಯ ಯಜಮಾನಿಗೇ ಫೋನು ಮಾಡಿಸಿದೆ. ಆಕೆ ಎಲ್ಲ ಕೇಳಿಸಿಕೊಂಡು, "ನೀವೇ ಬಂದು ಕೇಳಿ" ಎಂದು ಟಿಕೆಟ್ ಕಳಿಸಿದರು.

ಆಕೆಯ ಹೆಸರು ಇಸಾರಾ. ಎಲ್ಲರೂ ಮದಾಮ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನನ್ನು ಕರೆದೊಯ್ಯಲು ಬಂದರಿಗೆ ತಾವೇ ಬಂದಿದ್ದರು. ತೆಳು ಬೂದು ಬಣ್ಣದ ಉಡುಪು, ಕಿವಿಯಲ್ಲಿ ಒಂದೊಂದೇ ಮುತ್ತು. ವಯಸ್ಸು ನನ್ನಷ್ಟೇ ಇರಬೇಕು, ಆದರೆ ಕಣ್ಣಿನ ಕೆಳಗೆ ಒಂದು ಗೆರೆಯಿಲ್ಲ. ಗಿರಾಕಿಗಳ ಜೊತೆ ಮಾತಾಡಿ ಕಲಿತ ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಯಿತು. ಮನೆ ಹತ್ತಿರವೇ ಇದೆ, ನಡೆದೇ ಹೋಗೋಣ, ಊರು ನೋಡಿದ ಹಾಗಾಗುತ್ತದೆ ಎಂದರು.

ನಡೆದೆವು. ನೆಲದ ಕಲ್ಲುಗಳು ತಟ್ಟೆಯ ಹಾಗೆ ತೊಳೆದಿದ್ದವು. ಒಂದು ಅಂಗಡಿಯ ಗಾಜಿನ ಹಿಂದೆ ಒಂದೇ ಒಂದು ಕೈಚೀಲ ಇಟ್ಟಿದ್ದರು. ನನ್ನ ಅಂಗಡಿಯಲ್ಲಿ ಅಷ್ಟು ಜಾಗಕ್ಕೆ ಇಡೀ ದೀಪಾವಳಿಯ ಸ್ಟಾಕು ಹಿಡಿಯುತ್ತದೆ. ರಸ್ತೆಗೆ ಚಾಚಿದ ಹೋಟೆಲುಗಳಲ್ಲಿ ಗಂಡಸರು, ಹೆಂಗಸರು ನೆಟ್ಟಗೆ ಕೂತು ತಿನ್ನುತ್ತಿದ್ದರು, ಮೆಲ್ಲಗೆ ನಗುತ್ತಿದ್ದರು. ಎಲ್ಲವೂ ಚಂದವೇ. ಆದರೆ ಕಡಲ ಪಕ್ಕದಲ್ಲೇ ಹೋಗುತ್ತಿದ್ದರೂ ಮೂಗಿಗೆ ಕಡಲಿನ ವಾಸನೆಯೇ ಬರುತ್ತಿರಲಿಲ್ಲ. ಅದೇ ಮೊದಲು ನನಗೆ ಒಂದು ಥರಾ ಅನ್ನಿಸಿದ್ದು. ಹೊತ್ತು ಮಧ್ಯಾಹ್ನ. ನಮ್ಮ ಕಡೆಯಾದರೆ ಅಂಗಡಿಗಳ ಶಟರು ಅರ್ಧ ಇಳಿದಿರುತ್ತದೆ, ರಿಕ್ಷಾದವರು ಹಿಂದಿನ ಸೀಟಿನಲ್ಲಿ ಕಾಲು ಹೊರಹಾಕಿ ಮಲಗಿರುತ್ತಾರೆ, ನಾಯಿಗಳೂ ಮಲಗಿರುತ್ತವೆ. ಅಲ್ಲಿ ನಿದ್ದೆಗೆ ಕಣ್ಣು ಎಳೆಯುವ ಮುಖ ಒಂದೂ ಇರಲಿಲ್ಲ.

ವಿಮಾನದಲ್ಲಿ ನಿದ್ದೆ ಬಂದಿರಲಿಲ್ಲ. ನಡೆಯುತ್ತಿದ್ದವಳಿಗೆ ದೊಡ್ಡದೊಂದು ಆಕಳಿಕೆ ಬಂತು. ಪಕ್ಕದ ಮೇಜಿಗೆ ಬಡಿಸುತ್ತಿದ್ದವನ ಕೈ ಅಲ್ಲೇ ನಿಂತಿತು. ಮುದುಕ ದಂಪತಿ ಚಮಚ ಕೆಳಗಿಟ್ಟು ನನ್ನತ್ತ ತಿರುಗಿದರು. ಎಳೆಯ ಹೆಂಗಸೊಬ್ಬಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಮದಾಮ್ ನನ್ನ ಮೊಣಕೈ ಹಿಡಿದು, "ಬೀದಿಯಲ್ಲಿ ಬೇಡ" ಎಂದು ಮೆಲ್ಲಗೆ ಹೇಳಿದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗು ಜಾರಿದ್ದನ್ನು ತಿಳಿಸುವವರ ದನಿ ಅದು.

ಮನೆ ಅರಮನೆಯಂತಿತ್ತು. ಊಟಕ್ಕೊಂದು ಕೋಣೆ, ಪಿಯಾನೊಗೊಂದು ಕೋಣೆ, ಚಪ್ಪಲಿಗಳಿಗೇ ಒಂದು ಕೋಣೆ. ಮದಾಮರ ಗಂಡ ಕೈ ಕುಲುಕಿ, ಹೂವಿನ ಕುಂಡಗಳ ಬಗ್ಗೆ ಮಾತಾಡಿ, ಯಾರನ್ನೋ ಕಾಣಲು ಹೊರಟರು. ಅತ್ತೆಗೆ ತೊಂಬತ್ತು ದಾಟಿತ್ತು. ಕಿಟಕಿಯ ಬಳಿ ಬೆನ್ನು ನೆಟ್ಟಗೆ ಮಾಡಿ ಕೂತು ಬಂದರನ್ನು ನೋಡುತ್ತಿದ್ದರು. ಊಟವಾದ ಮೇಲೆ, "ಸ್ವಲ್ಪ ಅಡ್ಡಾಗುತ್ತೇನೆ, ಎಲ್ಲಿ ಮಲಗಲಿ?" ಎಂದು ಕೇಳಿದೆ. ಕೇಳಿದ್ದೇ ತಪ್ಪಾಯಿತೋ ಏನೋ, ಮದಾಮರ ಮುಖ ಕೆಂಪಾಯಿತು. "ಅದಕ್ಕೆ ಮೇಲೆ, ನಿಮ್ಮ ಅಕ್ಕನ ಬಳಿ ವ್ಯವಸ್ಥೆ ಮಾಡಿದ್ದೇನೆ. ಕಾರು ಬರುವ ತನಕ ಕೂತಿರಿ" ಎಂದರು. ಆಗ ನನಗೆ ಹೊಳೆಯಿತು, ಅಷ್ಟು ದೊಡ್ಡ ಮನೆಯಲ್ಲಿ ಒಂದು ಮಂಚವೂ ಕಂಡಿರಲಿಲ್ಲ.

ಸೋಫಾ ಮೆತ್ತಗಿತ್ತು. ಕಣ್ಣು ಮುಚ್ಚಿದ್ದು ಗೊತ್ತೇ ಆಗಲಿಲ್ಲ. ಎಚ್ಚರವಾದಾಗ ನನ್ನ ಸುತ್ತ ಜನ ನಿಂತಿದ್ದರು. ಮದಾಮ್, ಅವರ ಗಂಡ, ಅಡುಗೆಯವಳು, ಜೊತೆಗೆ ನಾನು ಕಂಡೇ ಇರದ ಏಳೆಂಟು ಮಂದಿ; ನೆರೆಮನೆಯವರಿರಬೇಕು. ಒಬ್ಬರೂ ಸದ್ದು ಮಾಡುತ್ತಿರಲಿಲ್ಲ. ಒಬ್ಬ ಗಂಡಸು ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡಿದ್ದ. ಅಜ್ಜಿಯನ್ನು ಕುರ್ಚಿ ಸಮೇತ ತಂದು ನನ್ನ ತಲೆಯ ಬಳಿ ಕೂರಿಸಿದ್ದರು. ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡೆ. ಅಜ್ಜಿ ನಡುಗುವ ಬೆರಳಿನಿಂದ ನನ್ನ ರೆಪ್ಪೆ ಮುಟ್ಟಿ ಏನೋ ಹೇಳಿದರು. "ಇನ್ನೊಂದು ಸಲ ಮಾಡುತ್ತೀರಾ ಎಂದು ಕೇಳುತ್ತಿದ್ದಾರೆ" ಎಂದರು ಮದಾಮ್. ಆಗುವುದಿಲ್ಲ ಎಂದೆ. ಜನ ಒಬ್ಬೊಬ್ಬರಾಗಿ, ಬೆನ್ನು ತೋರಿಸದೆ, ಹೊರಗೆ ಹೋದರು.

ಅಕ್ಕ ಇದ್ದದ್ದು ನಾನು ದೋಣಿಯಿಂದ ಕಂಡಿದ್ದ ಆ ಉದ್ದನೆಯ ಬಿಳಿ ಕಟ್ಟಡದಲ್ಲಿ. ಮೇಲಿನ ಮನೆ ಎಂದೇ ಅದಕ್ಕೆ ಹೆಸರು. ಅದನ್ನು ನೋಡಿಕೊಳ್ಳುವ ತೆರೆಜಾ ಎಂಬಾಕೆ, ಅಗಲ ಮುಖದ, ಬಟ್ಟೆಯ ಚಪ್ಪಲಿ ಹಾಕಿದ ಹೆಂಗಸು, ನನಗೂ ಅಂಥದೇ ಚಪ್ಪಲಿ ಕೊಟ್ಟಳು. ಒಳಗೆ ತಣ್ಣಗೆ, ಕತ್ತಲೆ. ಉದ್ದಕ್ಕೂ ಸಾಲಾಗಿ ಮಂಚಗಳು, ಪ್ರತಿ ಮಂಚದಲ್ಲೂ ಒಬ್ಬರು. ಕಪ್ಪು ಮುಖಗಳು, ಗೋಧಿ ಬಣ್ಣದ ಮುಖಗಳು, ನಾನು ಹೆಸರನ್ನೂ ಕೇಳಿರದ ದೇಶಗಳವರು. ಅಷ್ಟೂ ಜನರ ಉಸಿರು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು. ಕೆಳಗಿನ ಕಡಲಿಗೆ ಇಲ್ಲದ ತೆರೆಯ ಸದ್ದು ಅಲ್ಲಿತ್ತು. ನಡುನಡುವೆ ಯಾರೋ ನಗುತ್ತಿದ್ದರು, ಯಾರೋ ಬಿಕ್ಕುತ್ತಿದ್ದರು. ತೆರೆಜಾ ಹೋಗುತ್ತ ಹೋಗುತ್ತ ಒಬ್ಬಳ ಹೊದಿಕೆ ಸರಿಮಾಡಿ, "ಇವಳದು ಜಡ್ಜ್ ಸಾಹೇಬರ ನಿದ್ದೆ. ಕನಸಿನಲ್ಲಿ ಯಾವಾಗಲೂ ಓಡುವುದೇ" ಎಂದಳು.

ಅಕ್ಕನ ಮಂಚ ಕೊನೆಯ ಕಿಟಕಿಯ ಬಳಿ. ಕೂದಲು ಪೂರ್ತಿ ನರೆತಿತ್ತು, ಮುಖ ಮಾತ್ರ ಎಳೆಯ ಮಗುವಿನದರಂತೆ ಉಬ್ಬಿಕೊಂಡಿತ್ತು. ನಾನು ಅವಳನ್ನು ಎಬ್ಬಿಸಬಾರದಂತೆ, ಎದ್ದಾಗ ಏಳುತ್ತಾಳಂತೆ. ಪಕ್ಕದ ಸ್ಟೂಲಿನಲ್ಲಿ ಕಾದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ, "ನಳಿನ ಅಲ್ವಾ?" ಎಂದಳು.

"ಮತ್ತೆ ಯಾರು?" ಎಂದವಳೇ ನಾನು ಅಳತೊಡಗಿದೆ.

ಅವಳು ಅಳಲಿಲ್ಲ. ನನ್ನ ಕೈ ತೆಗೆದು ತನ್ನ ಕೆನ್ನೆಗಿಟ್ಟುಕೊಂಡಳು. ಎದ್ದು, ಮುಖ ತೊಳೆದು, ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬಿಸಿಲಿತ್ತು. ಎದ್ದವರು ಮೂರ್ನಾಲ್ಕು ಜನ ನಿಂಬೆ ಮರದ ಕೆಳಗೆ ಗಂಜಿಯಂಥದ್ದೇನೋ ಕುಡಿಯುತ್ತಿದ್ದರು. ನಾನು ತಂದಿದ್ದ ಮಾವಿನ ಉಪ್ಪಿನಕಾಯಿಯ ಮುಚ್ಚಳ ತೆಗೆದು ಅಕ್ಕ ಸುಮ್ಮನೆ ಮೂಸಿದಳು. ಅವಳ ತಲೆಗೆ ಎಣ್ಣೆ ಹಚ್ಚುತ್ತ ಮದುವೆಯ ಸುದ್ದಿ ಹೇಳಿದೆ. ಹುಡುಗ ಕೋ-ಆಪರೇಟಿವ್ ಬ್ಯಾಂಕಿನಲ್ಲಿದ್ದಾನೆ, ಮಾತು ಕಡಿಮೆ, ಒಳ್ಳೆಯವನು. ಅವಳು ಹೂಂ ಹೂಂ ಎಂದಳು. ಪಕ್ಕದ ಮನೆಯವರ ಮಗಳ ಸುದ್ದಿಗೆ ಹೇಳುವ ಹೂಂ ಅದು.

"ಯಾವಾಗ ಹೊರಡುವಾ?" ಎಂದೆ.

"ನನಗೆ ಬರ್ಲಿಕ್ಕೆ ಆಗುದಿಲ್ಲ ನಳಿನಾ."

"ಅವರು ಬಿಡುದಿಲ್ವಾ?"

"ಅವರು ಬಿಡ್ತಾರೆ. ಅವರದ್ದೆಂತ ಇಲ್ಲ. ನೀಲೊ ಇದ್ದಾನಲ್ಲ, ಅವನನ್ನು ಎಲ್ಲಿ ಬಿಟ್ಟು ಬರುದು?"

ನೀಲೊ ಯಾರೆಂದು ಕೇಳಿದೆ. ಅವಳು ಹೇಳಿದಳು, ಊರಿನ ಯಾವುದೋ ಹುಡುಗನ ಬಗ್ಗೆ ಹೇಳುವಂತೆ. ನೀಲೊ ಮದಾಮರ ಒಬ್ಬನೇ ಮಗ. ಐದು ವರ್ಷದವನಿದ್ದಾಗ ಬಂದರಿನಲ್ಲಿ, ಎರಡು ಹಡಗುಗಳ ನಡುವೆ, ನೀರಿಗೆ ಬಿದ್ದ. ಎತ್ತುವಾಗ ಉಸಿರಿರಲಿಲ್ಲ. ಅಂದಿನಿಂದ ಅಕ್ಕ ಕಣ್ಣು ಮುಚ್ಚಿದರೆ ಸಾಕು, ಅವನು ಬರುತ್ತಾನೆ. "ಮದಾಮರ ನಿದ್ದೆ ಅವರ ಬದಲಿಗೆ ನಾನು ಮಾಡುದಲ್ವಾ. ಹಾಗಾಗಿ ಅವನು ನನ್ನ ಹತ್ರ ಬರುದು. ಅವರ ಹತ್ರ ಬರ್ಲಿಕ್ಕೆ ಅವನಿಗೆ ದಾರಿ ಇಲ್ಲ." ಮೊದಲು ಬಂದಾಗ ಮಾತೇ ಆಡುತ್ತಿರಲಿಲ್ಲವಂತೆ. ಇವಳೇ ಮೈ ಒರೆಸಿದಳು, ಉಣ್ಣಿಸಿದಳು, ಮಾತು ಕಲಿಸಿದಳು. "ಈಗ ಅವನು ಮಾತಾಡುದು ನಮ್ಮ ಭಾಷೆಯೇ. ಮೀಸೆ ಚಿಗುರ್ತಾ ಉಂಟು ಕಳ್ಳನಿಗೆ" ಎಂದು ನಕ್ಕಳು. ಆ ನಗು ನನಗೆ ಗೊತ್ತಿತ್ತು. ಶ್ರಾವ್ಯ ಮೊದಲ ಸಲ ಸೀರೆ ಉಟ್ಟಾಗ ಕನ್ನಡಿಯಲ್ಲಿ ನನ್ನ ಮುಖದ ಮೇಲೆ ಕಂಡ ನಗು.

"ಬದಲಿಗೆ ಯಾರನ್ನಾದ್ರೂ ಮಲಗಿಸ್ಲಿ. ಮದುವೆ ಮುಗಿಸಿ ಬಾ" ಎಂದೆ.

ಅಕ್ಕನ ಮುಖ ಸಣ್ಣದಾಯಿತು. "ಒಂದು ಸಲ ನನಗೆ ಜ್ವರ ಬಂದಾಗ ಬೇರೆಯವಳು ಮಲಗಿದ್ಳು. ಮತ್ತೆ ನಾನು ಹೋಗಿ ನೋಡಿದ್ರೆ ಅವನು ಮೂಲೆಯಲ್ಲಿ ಕೂತಿದ್ದಾನೆ. ಮೈಯೆಲ್ಲ ಒದ್ದೆ. ತಲೆಯಿಂದ ನೀರು ಇಳೀತಾ ಉಂಟು. ಚಳಿಗೆ ಹಲ್ಲು ಕಟಕಟ. ಬೇಡ ಮಾರಾಯ್ತಿ, ಮತ್ತೆ ಹಾಗೆ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಅಷ್ಟರಲ್ಲಿ ಮದಾಮ್ ಬಂದರು. ದಿನಾ ಆ ಹೊತ್ತಿಗೆ ಬರುತ್ತಾರಂತೆ. ಮುತ್ತಿನ ಓಲೆ ಹಾಕಿಕೊಂಡ ಆ ಹೆಂಗಸು ಅಕ್ಕನ ಕಾಲ ಬಳಿಯ ಗಿಡ್ಡ ಮಣೆಯ ಮೇಲೆ ಕೂತು ಮುಖ ಎತ್ತಿದರು. ಇಬ್ಬರ ಮಾತೂ ಮದಾಮರ ಭಾಷೆಯಲ್ಲಿ ನಡೆಯಿತು. ಆಮೇಲೆ ಅಕ್ಕ ನನಗೆ ಹೇಳಿದಳು. ಇವತ್ತು ನೀಲೊ ಏನು ಮಾಡಿದ ಎಂದು ಕೇಳಿದರಂತೆ. ನಿಂಬೆ ಮರ ಹತ್ತಿದ, ನೀಲಿ ಅಂಗಿ ಹರಿದುಕೊಂಡ, ಬೈದೆ ಎಂದಳಂತೆ ಇವಳು. ಅವನಿಗೆ ನೀಲಿ ಅಂಗಿ ಇರಲಿಲ್ಲವಲ್ಲ ಎಂದರಂತೆ ಅವರು. "ಹೊಸದು. ಹಳೆಯದೆಲ್ಲ ಗಿಡ್ಡ ಆಗಿದೆ ಮದಾಮ್" ಎಂದಳಂತೆ ಅಕ್ಕ. ಆ ಮಾತಿಗೆ ಮದಾಮ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದನ್ನು ನಾನು ಕಂಡಿದ್ದೆ. ನಗುತ್ತಲೇ ಅವರು ಅಕ್ಕನ ಎರಡೂ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಸವರಿದ್ದರು, ಅಲ್ಲೆಲ್ಲಾದರೂ ಅವನು ಇನ್ನೂ ಅಂಟಿಕೊಂಡಿರಬಹುದು ಎನ್ನುವಂತೆ.

ನಾನು ಆ ಮನೆಯಲ್ಲೇ, ಅಕ್ಕನ ಪಕ್ಕದ ಮಂಚದಲ್ಲಿ, ಕೆಲವು ದಿನ ಉಳಿದೆ. ಹಗಲು ಊರಿಗೆ ಇಳಿದು ಸುತ್ತುತ್ತಿದ್ದೆ. ಸಂಜೆ ದೀಪ ಹತ್ತಿದ ಮೇಲೂ, ಬೆಳಕು ಹರಿಯುವಾಗಲೂ ಅದೇ ಜನ, ಅದೇ ಮೇಜು, ಅದೇ ಮೆಲುನಗು. ಮಾತು ಮುಗಿದ ಮೇಲೂ ಎದ್ದು ಹೋಗಲು ಅವರಿಗೆ ಕಾರಣವಿರಲಿಲ್ಲ. ಆದ್ದರಿಂದ ಮತ್ತೆ ಮಾತು ಶುರುಮಾಡುತ್ತಿದ್ದರು. ಹಡಗುಕಟ್ಟೆಯ ಬಳಿ ಒಬ್ಬ ಮುದುಕನಿದ್ದ. ಸುಕ್ಕುಸುಕ್ಕು ಕೋಟು, ಕೆದರಿದ ತಲೆ. ಅವನು ಬಂದರೆ ಜನ ದಾರಿ ಬಿಟ್ಟು ಸರಿಯುತ್ತಿದ್ದರು. ಒಂದು ಕಾಲದಲ್ಲಿ ಅರ್ಧ ಬಂದರು ಅವನದೇ ಆಗಿತ್ತಂತೆ. ಹೆಂಡತಿ ಸತ್ತ ಮೇಲೆ ಒಂದು ಮಧ್ಯಾಹ್ನ ತನ್ನ ನಿದ್ದೆ ತಾನೇ ಮಾಡಿಬಿಟ್ಟ. ಅಂದಿನಿಂದ ಯಾರೂ ಊಟಕ್ಕೆ ಕರೆಯುವುದಿಲ್ಲ ಎಂದಳು ತೆರೆಜಾ. ಅವನು ಮಾತ್ರ ನನ್ನನ್ನು ಕಂಡು ಕೈಯೆತ್ತಿ ನಮಸ್ಕಾರ ಮಾಡಿದ. ಆ ಊರಿನಲ್ಲಿ ನಾನು ಕಂಡ ಒಂದೇ ದಣಿದ ಮುಖ ಅದು.

ಶ್ರಾವ್ಯ ಫೋನು ಮಾಡುತ್ತಿದ್ದಳು. "ಹೇಳಿದ್ರಾ ಅಮ್ಮ? ಬರ್ತಾರಂತಾ?" ಎಂದು ಕೇಳುತ್ತಿದ್ದಳು. ಅಕ್ಕ ಬರುವುದಿಲ್ಲ ಎಂದದ್ದು ನನ್ನ ಮನಸ್ಸಿನ ಯಾವುದೋ ಮೂಲೆಗೆ ಹಗುರವಾಗಿತ್ತು, ಸುಳ್ಳು ಹೇಳುವುದಿಲ್ಲ. ಅಕ್ಕ ಬಂದರೆ, ಭಾವ ಇಲ್ಲದಿದ್ದರೂ, ಧಾರೆಗೆ ನಿಲ್ಲುವವಳು ಹೆತ್ತ ಅವಳು, ನಾನಲ್ಲ. ಆದರೆ ದಿನಾ ಅವಳು ಏಳುವುದನ್ನೇ ಕಾದು ಕೂರುತ್ತಿದ್ದವಳಿಗೆ ಇನ್ನೊಂದು ಭಯ ಶುರುವಾಯಿತು. ಎಚ್ಚರವಾಗಿರುವ ಹೊತ್ತು ಅವಳಿಗೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಉಣ್ಣುತ್ತ ಉಣ್ಣುತ್ತಲೇ ತೂಗುತ್ತಿದ್ದಳು. ಒಂದು ದಿನ ಎದ್ದವಳು ನನ್ನನ್ನು ಗುರುತಿಸಲೇ ಇಲ್ಲ. ನನ್ನ ಕೈಯ ಬಟ್ಟಲು ತೆಗೆದುಕೊಂಡು, "ಥ್ಯಾಂಕ್ಸ್ ಅಕ್ಕ" ಎಂದಳು. ಒಡಹುಟ್ಟಿದ ನನಗೆ!

ಆ ದಿನ ಮದಾಮ್ ಬಂದಾಗ ಅಂಗಳದ ಬಾಗಿಲಲ್ಲೇ ತಡೆದೆ. "ನಿಮ್ಮ ಮಗನನ್ನು ನೀವೇ ನೋಡಿ. ನನ್ನ ಅಕ್ಕನನ್ನು ನನಗೆ ಕೊಡಿ" ಎಂದೆ. ಇಂಗ್ಲಿಷಿನಲ್ಲಿ ಹಾಗೆ ಹೇಳಿದರೆ ಮರ್ಯಾದೆ ಇರುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

"ನಾನು ಯಾವತ್ತೂ ಅವಳನ್ನು ತಡೆದಿಲ್ಲ" ಎಂದರು ಅವರು. "ಬಾಗಿಲಿಗೆ ಬೀಗವಿಲ್ಲ, ನೋಡಿದ್ದೀರಲ್ಲ."

"ಅವಳು ಬಾರದೆ ಇರುವುದು ಅವನಿಗಾಗಿ. ನೀವು ಒಂದು ಸಲ ಮಲಗಿ. ಅವನು ನಿಮ್ಮ ಹತ್ತಿರ ಬರಲಿ."

ಅವರ ಬಣ್ಣ ಇಳಿಯಿತು. ಹಡಗುಕಟ್ಟೆಯ ಮುದುಕನ ಮಾತು ಎತ್ತುತ್ತಾರೆ, ಊರಿನವರು ಏನೆನ್ನುತ್ತಾರೆ ಎನ್ನುತ್ತಾರೆ ಎಂದುಕೊಂಡೆ. ಅದಾವುದನ್ನೂ ಅವರು ಹೇಳಲಿಲ್ಲ. ಗೋಡೆಗೆ ಒರಗಿ ನಿಂತು, "ಅವನು ಅವಳಿಗೆ ನೀಲಿ ಅಂಗಿಯಲ್ಲಿ ಕಾಣಿಸುತ್ತಾನೆ. ನನಗೆ ಒದ್ದೆ ಬಟ್ಟೆಯಲ್ಲಿ ಕಾಣಿಸಿದರೆ? ನೀರಿನಿಂದ ಅವನನ್ನು ಎತ್ತಿದವಳು ನಾನು" ಎಂದರು. ಅವರು ಒಳಗೆ ಬರದೆ ಹಾಗೇ ಹೊರಟುಹೋದರು.

ಮರುದಿನ ಅವರು ಬಂದಾಗ ಕಿವಿಯಲ್ಲಿ ಮುತ್ತಿರಲಿಲ್ಲ. ಮನೆಯಲ್ಲಿ ಹಾಕುವಂಥ ಹತ್ತಿಯ ಉಡುಪು, ಕೈಯಲ್ಲಿ ಬಿಚ್ಚಿದ ಚಪ್ಪಲಿ. ಕೆಳಗಿನಿಂದ ನಡೆದೇ ಬಂದಿದ್ದರು. ಅಕ್ಕ ಆಗಷ್ಟೇ ಎದ್ದು ಕೂತಿದ್ದಳು. ಮದಾಮ್ ಮಂಚದ ಅಂಚಿನಲ್ಲಿ ಕೂತು, "ಹೇಗೆ ಮಾಡಬೇಕು?" ಎಂದು ಕೇಳಿದರು. ಅಕ್ಕ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಎಲ್ಲ ಅರ್ಥವಾಯಿತು ಅವಳಿಗೆ. ಬಹಳ ಹೊತ್ತು ತಲೆದಿಂಬಿನ ಮೇಲೆ ಕೈಯಿಟ್ಟುಕೊಂಡೇ ಇದ್ದಳು, ಬಿಡಲು ಮನಸ್ಸಿಲ್ಲ. ಆಮೇಲೆ ಸರಿದು ಜಾಗ ಕೊಟ್ಟಳು. ಅವರನ್ನು ಮಲಗಿಸಿ, ಹೊದಿಸಿ, ಹಣೆಯ ಮೇಲೆ ಅಂಗೈಯಿಟ್ಟು ನಿಧಾನವಾಗಿ ತಟ್ಟತೊಡಗಿದಳು. ತೆರೆಜಾ ದೂರದಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. ಮದಾಮ್ ಕಣ್ಣು ಮುಚ್ಚಲು ಹೆದರಿ ಹೆದರಿ, ಮತ್ತೆ ಮತ್ತೆ ತೆರೆದು, ಕೊನೆಗೆ ಯಾವುದೋ ಒಂದು ಗಳಿಗೆಯಲ್ಲಿ ತೆರೆಯಲಿಲ್ಲ.

ಅಕ್ಕನೂ ನಾನೂ ಆಚೆಗೊಬ್ಬರು ಈಚೆಗೊಬ್ಬರು ಕೂತೆವು. ಸುತ್ತಲಿನ ಉಸಿರಿನ ಜೊತೆ ಮದಾಮರ ಉಸಿರು ಕೂಡಿಕೊಂಡಿತು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಓಡತೊಡಗಿತು. ಮುಖ ಕಿವಿಚಿಕೊಂಡಿತು. ಹಿಡಿದಿದ್ದ ಅವರ ಕೈ ನನ್ನ ಕೈಯೊಳಗೆ ಮಂಜುಗಡ್ಡೆಯಂತೆ ತಣ್ಣಗಾಯಿತು. ಅವರ ಬಾಯಿ ತೆರೆದುಕೊಂಡಿತು. ಅದರೊಳಗಿಂದ ದನಿ ಒಡೆಯುತ್ತಿರುವ ಹುಡುಗನೊಬ್ಬನ ಗೊಗ್ಗರು ಮಾತು ಹೊರಗೆ ಬಂತು, ಸ್ಪಷ್ಟವಾಗಿ, ನಮ್ಮ ಮನೆಯ ಮಾತಿನಲ್ಲಿ: "ನೀವ್ಯಾರು? ಅಮ್ಮ ಎಲ್ಲಿ?"

ನಮ್ಮ ಭಾಷೆಯ ಒಂದು ಅಕ್ಷರ ಬಾರದ ಹೆಂಗಸು ಅವರು. ನನ್ನ ಬೆನ್ನಿನ ಮೇಲೆ ಯಾರೋ ನೀರು ಸುರಿದ ಹಾಗಾಯಿತು. ಅಕ್ಕ ಅರ್ಧ ಎದ್ದಳು. ಅವಳ ತುಟಿಯ ಮೇಲೆ "ಇಲ್ಲಿದ್ದೇನೆ ಮಗಾ" ಎನ್ನುವ ಮಾತು ಬಂದು ನಿಂತದ್ದು ನನಗೆ ಕಂಡಿತು. ಅದನ್ನು ಅವಳು ನುಂಗಿದಳು. "ಅಮ್ಮಾ" ಎಂದಿತು ಆ ದನಿ ಮತ್ತೆ, ಅಳುವಿಗೆ ತಿರುಗಿ. ಅಕ್ಕ ಬಗ್ಗಿ ಮದಾಮರ ಕಿವಿಗೆ ಬಾಯಿ ಹಚ್ಚಿ ಹೇಳಿದಳು: "ಇವರೇ ನಿನ್ನ ಅಮ್ಮ, ಮಗಾ. ಹೆದರ್ಬೇಡ. ಕೈ ಹಿಡ್ಕೋ." ಬಿಗಿಯಾಗಿದ್ದ ಮದಾಮರ ಇನ್ನೊಂದು ಕೈಯ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಸ್ವಲ್ಪ ಹೊತ್ತು ಬರಿದಾಗಿ ಹಾಗೇ ಇತ್ತು. ಆಮೇಲೆ ಅದರೊಳಗೆ ಏನನ್ನೋ ಇಟ್ಟಂತೆ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು.

ಅಕ್ಕ ಎದ್ದು ಅಂಗಳಕ್ಕೆ ಹೋದಳು. ನಿಂಬೆ ಮರದ ಕೆಳಗೆ ಕೂತು, ಮಣ್ಣು ಕೈಗೆ ಬಂದಷ್ಟು ಹಿಡಿದುಕೊಂಡು ಅತ್ತಳು. ನಾನು ಬಂದ ದಿನ ಅವಳು ಅಳದೆ ಉಳಿಸಿಟ್ಟದ್ದೂ ಅದರಲ್ಲಿತ್ತು ಎಂದುಕೊಂಡು ನಾನು ತಡೆಯದೆ ಪಕ್ಕದಲ್ಲಿ ಕೂತೆ. ನಾವು ಹೊರಡುವ ತನಕವೂ ಮದಾಮ್ ಏಳಲಿಲ್ಲ.

ಊರಿಗೆ ಬಂದ ಅಕ್ಕನನ್ನು ಎಲ್ಲರೂ ಹೊಗಳಿದರು. ಮದುವೆಯ ಮನೆಯ ಕೆಲಸವನ್ನೆಲ್ಲ ಅವಳೊಬ್ಬಳೇ ಎಳೆದುಕೊಂಡಳು. ದಣಿವಿಲ್ಲ, ಕೂರುವುದಿಲ್ಲ. ಮುಖದಲ್ಲಿ ಕಳೆ ಏರಿ, ಕಣ್ಣಿನ ಕೆಳಗೆ ಒಂದು ಗೆರೆಯೂ ಇಲ್ಲದೆ ಮಿನುಗುತ್ತಿದ್ದಳು. ಹಾಸಿಕೊಟ್ಟ ಹಾಸಿಗೆ ಬೆಳಿಗ್ಗೆ ಮಡಿಕೆ ಮುರಿಯದೆ ಇರುತ್ತಿತ್ತು. ಅದನ್ನು ಮಡಚಿ ಇಡುತ್ತಿದ್ದ ನನಗೆ ಮಾತ್ರ ಅವಳು ನಿದ್ದೆ ಮಾಡುತ್ತಿಲ್ಲ ಎಂದು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಶ್ರಾವ್ಯಳಿಗೆ ಅವಳು ನೆಂಟರಿಗೆ ಬಡಿಸುವಂತೆ ಮರ್ಯಾದೆಯಿಂದ ಬಡಿಸುತ್ತಿದ್ದಳು. ಶ್ರಾವ್ಯ ಒಮ್ಮೆ ಅವಳ ತೋಳಿಗೆ ತಲೆ ಒರಗಿಸಿದಾಗ ಏನು ಮಾಡುವುದೆಂದು ತೋಚದೆ ಸೌಟು ಹಿಡಿದೇ ನಿಂತಿದ್ದಳು. ಧಾರೆಯ ಹೊತ್ತಿಗೆ ನನ್ನನ್ನು ಮುಂದಕ್ಕೆ ತಳ್ಳಿದಳು. "ನೀನೇ ನಿಲ್ಲು. ಅವಳು ಎಷ್ಟು ಉದ್ದ ಆಗಿದ್ದಾಳೆ ಅಂತ ನನಗೆ ದೂರದಿಂದ ನೋಡ್ಬೇಕು" ಎಂದಳು. ನಾನೂ ನಮ್ಮ ಯಜಮಾನರೂ ನಿಂತೆವು.

ಮದುವೆ ಕಳೆದ ಮೇಲೆ ಮದಾಮರ ಫೋನುಗಳು ಬರತೊಡಗಿದವು. ಅವರು ಈಗ ಮೇಲಿನ ಮನೆಯಲ್ಲೇ ಇರುತ್ತಾರಂತೆ. ಅವನು ಮಾತಾಡುವುದು ಅರ್ಥವಾಗುವುದಿಲ್ಲ, ಅದಕ್ಕೆ ಫೋನು. ಕೇಳಿಸಿಕೊಂಡದ್ದನ್ನು ತೊದಲಿ ತೊದಲಿ ಒಪ್ಪಿಸುತ್ತಿದ್ದರು. "ಹ-ಸಿ-ವು ಎಂದರೇನು?" "ಬೇಜಾರು ಎಂದರೇನು ವಾರಿಜಾ? ಅದನ್ನು ಹೋಗಲಾಡಿಸಲು ನೀನು ಏನು ಮಾಡುತ್ತಿದ್ದೆ?" ಅಕ್ಕ ಕಾಲು ಚಾಚಿ ಕೂತು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಒಂದೊಂದು ಫೋನೂ ಮೊದಲಿನದಕ್ಕಿಂತ ಚಿಕ್ಕದಾಗುತ್ತ ಬಂತು. ಕೊನೆಯದರಲ್ಲಿ ಮದಾಮ್, ನಿನ್ನೆಯಿಂದ ಅವನು ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದಾನೆ ಎಂದರಂತೆ. ಅಕ್ಕ ಒಳ್ಳೆಯದಾಯಿತು ಎಂದು ಫೋನು ಇಟ್ಟು, ಎದ್ದು ಹೋಗಿ ಪಾತ್ರೆ ತೊಳೆದಳು.

ಅದಾದ ಕೆಲವು ದಿನಕ್ಕೆ, ಮಧ್ಯಾಹ್ನ, ನಾನು ಅಂಗಡಿಯಿಂದ ಊಟಕ್ಕೆ ಬಂದಾಗ ಅಕ್ಕ ಜಗಲಿಯಲ್ಲಿ ಕಂಬ ಹಿಡಿದು ನಿಂತಿದ್ದಳು. ಮುಖ ಇಳಿದಿತ್ತು. ಕಣ್ಣು ಕೆಂಪಾಗಿತ್ತು.

"ನಳಿನಾ, ನನಗೆ ನಿದ್ದೆ ಬರ್ತಾ ಉಂಟು" ಎಂದಳು. "ನನ್ನದೇ."

"ಮಲಗು ಮತ್ತೆ."

"ಹೆದರಿಕೆ ಆಗ್ತದೆ ಮಾರಾಯ್ತಿ. ಇಷ್ಟು ವರ್ಷ ನನ್ನ ನಿದ್ದೆಯ ಕಡೆ ನಾನು ಹೋಗಿಯೇ ಇಲ್ಲ. ಅಲ್ಲಿ ಯಾರೆಲ್ಲ ಕಾದು ಕೂತಿದ್ದಾರೋ. ನಿನ್ನ ಭಾವ, ನಮ್ಮ ಅಮ್ಮ, ನಾಲ್ಕು ವರ್ಷದ ಶ್ರಾವ್ಯ. ಇಷ್ಟು ದಿನ ಎಲ್ಲಿದ್ದೆ ಅಂತ ಎಲ್ಲರೂ ಕೇಳಿದ್ರೆ ನಾನೆಂತ ಹೇಳುದು?"

ಜಗಲಿಯಲ್ಲೇ ಚಾಪೆ ಹಾಸಿದೆ. ಅವಳು ಗೋಡೆಗೆ ಮುಖ ಮಾಡಿ, ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದಳು. ನನ್ನ ಸೀರೆಯ ಅಂಚನ್ನು ಬಿಡದೆ ಹಿಡಿದಿದ್ದಳು. ನಾನು ಅಂಗಡಿಗೆ ಹೋಗಲಿಲ್ಲ. ಅವಳ ರೆಪ್ಪೆ ನೋಡುತ್ತ ಕೂತೆ. ಅದು ಅಲುಗುತ್ತದೆ, ಯಾರದೋ ದನಿ ಬರುತ್ತದೆ ಎಂದು ಕಾದೆ. ಏನೂ ಅಲುಗಲಿಲ್ಲ. ಮರುದಿನ ಬಿಸಿಲು ಜಗಲಿಗೆ ಬರುವ ತನಕ ಅವಳು ಮಗ್ಗುಲು ಬದಲಿಸಲಿಲ್ಲ. ಎದ್ದು ಕೂತು ಮುಖ ಒರೆಸಿಕೊಂಡಳು.

"ಯಾರಿದ್ರು ಅಕ್ಕ?" ಎಂದು ಕೇಳಿದೆ.

ಅವಳು ಅಂಗಳದ ಕಡೆ ನೋಡಿದಳು. ಯೋಚಿಸಿದಳು.

"ಯಾರೂ ಇರ್ಲಿಲ್ಲ ನಳಿನಾ" ಎಂದಳು. "ನಾನೊಬ್ಬಳೇ ಇದ್ದೆ."